ಅಂಗೈ ಕ್ಲಚ್ಚು

ಸೊಟ್ಟಗಿರುವುದನ್ನು ಕಂಡರೆ ನನಗೆ ಆಗುವುದಿಲ್ಲ. ಇದು ಹುಟ್ಟುಗುಣವೋ ಉದ್ಯೋಗದಿಂದ ಅಂಟಿದ್ದೋ ಗೊತ್ತಿಲ್ಲ. ಮೂವತ್ತೊಂದು ವರ್ಷ ನೀರೆತ್ತುವ ಪಂಪುಗಳ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದೆ. ಬೇರೆಯವರು ಮಾಡಿದ್ದನ್ನು ಅಳೆಯುವುದು, ನಕ್ಷೆಯ ಪಕ್ಕದಲ್ಲಿಟ್ಟು ನೋಡುವುದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಪೆನ್ಸಿಲಿನಲ್ಲಿ ಗೀಟು ಹಾಕಿ ತೊಟ್ಟಿಗೆ ಎಸೆಯುವುದು, ಇಷ್ಟೇ ನನ್ನ ಕೆಲಸ. ಅಲ್ಲಿ ನನ್ನ ನಿಜವಾದ ಹೆಸರು ಸಂಬಳದ ಚೀಟಿ ಬರೆಯುವವನಿಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ನಾನು ‘ರಿಜೆಕ್ಟ್’. “ರಿಜೆಕ್ಟ್ ಬಂದ” ಅಂದರೆ ಸಾಕು, ಲೇತ್ ಯಂತ್ರದ ಮುಂದೆ ಹರಟೆ ಹೊಡೆಯುತ್ತಿದ್ದವರು ತುಟಿ ಹೊಲಿದುಕೊಳ್ಳುತ್ತಿದ್ದರು. ನನಗೇನೂ ಬೇಸರವಿರಲಿಲ್ಲ. ನಾನು ಪಾಸು ಮಾಡಿದ ಪಂಪು ಒಂದೂ ವಾಪಸು ಬಂದದ್ದಿಲ್ಲ.

ನನ್ನ ಹೆಂಡತಿ ಕರೆಂಟಿನ ಮೀಟರ್ ಓದುವ ಕೆಲಸದಲ್ಲಿದ್ದಳು. ಇಪ್ಪತ್ತನಾಲ್ಕು ವರ್ಷ ಮೋಟಾರ್‌ಸೈಕಲ್ ಮೇಲೆ ಮನೆಮನೆಗೆ ಹೋಗಿ ಅಂಕಿ ಬರೆದುಕೊಂಡು ಬಂದಳು. ನಾಯಿ ಇರುವ ಮನೆಯ ಮೀಟರನ್ನು ಗೇಟಿನಾಚೆ ನಿಂತೇ ಓದಿಬಿಡುತ್ತಿದ್ದಳು. ಈಗಲೂ ಎದುರು ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆದದ್ದನ್ನು ನಮ್ಮ ಅಡುಗೆಮನೆಯ ಕಿಟಕಿಯಿಂದ ಓದಿ ಹೇಳುತ್ತಾಳೆ.

ಆ ಮೋಟಾರ್‌ಸೈಕಲ್ ಅವಳದೇ. ಒಂದೇ ಸಿಲಿಂಡರಿನ ಭಾರದ ಗಾಡಿ. ನನ್ನನ್ನು ಮದುವೆಯಾಗುವ ಎರಡು ವರ್ಷ ಮೊದಲು, ಇಬ್ಬರು ಓಡಿಸಿ ಬಿಟ್ಟದ್ದನ್ನು ಕೊಂಡಿದ್ದಳು. ಹೀಗಾಗಿ ಮನೆಯಲ್ಲಿ ಹಿರಿತನ ಅದಕ್ಕೇ. ಜಗಳ ಬಂದಾಗಲೆಲ್ಲ “ನಿಮಗಿಂತ ಮುಂಚಿನಿಂದ ನನ್ನ ಜೊತೆಗಿದೆ ಅದು” ಎಂದು ನೆನಪಿಸುತ್ತಿದ್ದಳು.

ಕೆಲಸದ ಕೊನೆಯ ವರ್ಷ ಅವಳು ಬಿದ್ದಳು. ಗಾಡಿಯಿಂದಲ್ಲ. ಯಾರದೋ ಮನೆಯಲ್ಲಿ ಮೀಟರನ್ನು ಸೂರಿಗೆ ತಾಗುವಷ್ಟು ಎತ್ತರದಲ್ಲಿ ಕೂರಿಸಿದ್ದರು. ಅವರು ಕೊಟ್ಟ ಕಾಲು ಅಲ್ಲಾಡುವ ಸ್ಟೂಲು ಹತ್ತಿದಳು. ಎಡಗೈಯ ಮಣಿಕಟ್ಟು ಎರಡು ಕಡೆ ಮುರಿಯಿತು. ಎರಡು ತಿಂಗಳ ಮೇಲೆ ಪಟ್ಟಿ ಬಿಚ್ಚಿದಾಗ ಮೂಳೆ ಕೂಡಿಕೊಂಡಿತ್ತು, ಆದರೆ ಸೊಟ್ಟಗೆ ಕೂಡಿಕೊಂಡಿತ್ತು. ತೋಳಿನ ಬಲ ಹಾಗೇ ಇತ್ತು, ಬೆರಳುಗಳ ಹಿಡಿತ ಹೋಯಿತು. ಎಡಗೈಯಲ್ಲಿ ಲೋಟ ಹಿಡಿದರೆ ಜಾರುತ್ತಿತ್ತು. ಗಾಡಿಗೆ ಟಾರ್ಪಾಲು ಹೊದಿಸಿ ಹಿತ್ತಲಿನ ಶೆಡ್ಡಿನ ಪಕ್ಕ ನಿಲ್ಲಿಸಿದಳು. ಮೂರು ವರ್ಷ ಅದು ಅಲ್ಲೇ ನಿಂತಿತು.

ಹೋದ ವರ್ಷ ನಾನೂ ನಿವೃತ್ತನಾದೆ. ಮನೆಯಲ್ಲಿ ಅಳೆಯುವುದಕ್ಕೆ ಹೆಚ್ಚೇನೂ ಇರಲಿಲ್ಲ. ಬಾಗಿಲ ಚೌಕಟ್ಟು ಅಳೆದೆ, ಕಪಾಟಿನ ಹಲಗೆಗೆ ಮಟ್ಟಗೋಲು ಇಟ್ಟೆ. ಅವಳು ಕೊಯ್ದ ಬ್ರೆಡ್ಡಿನ ಚೂರು ಒಂದು ಕಡೆ ದಪ್ಪ ಒಂದು ಕಡೆ ತೆಳ್ಳಗೆ ಇದೆ ಎಂದು ಹೇಳಿದ ದಿನ ಅವಳು ಚಾಕು ಕೆಳಗಿಟ್ಟಳು.

“ನೋಡ್ರೀ, ಏನಾದ್ರೂ ಕೆಲಸ ಹುಡುಕ್ಕೊಳ್ಳಿ. ಇಲ್ಲಾಂದ್ರೆ ನಾನೇ ನಿಮ್ಮನ್ನ ಎತ್ತಿ ಆ ರಿಜೆಕ್ಟ್ ತೊಟ್ಟಿಗೆ ಹಾಕ್ತೀನಿ.”

ಅದೇ ವಾರ ಹೋಟೆಲಿನವನು ಬಂದ. ದೊಡ್ಡ ರಸ್ತೆಯಲ್ಲಿ ಹೊಸದಾಗಿ ಹೋಟೆಲು ಕಟ್ಟಿಸಿದ್ದವನು. ಬಾಗಿಲಲ್ಲಿ ಒಂದು ಹಳೆಯ ಮೋಟಾರ್‌ಸೈಕಲ್ ನಿಲ್ಲಿಸಿ, ಸೀಟಿನ ಮೇಲೆ ಹೂಕುಂಡ ಇಡಬೇಕೆಂದು ಅವನ ಆಸೆ. ಟಾರ್ಪಾಲು ಸರಿಸಿ ನೋಡಿ, ಇಂಥದ್ದೇ ಬೇಕು ಎಂದ. ನನ್ನ ಹೆಂಡತಿ ಗಾಡಿಯ ಹತ್ತಿರ ಹೋಗಿ ನಿಂತಳು. ಅವಳ ಬಲಗೈ ಟ್ಯಾಂಕಿನ ಮೇಲಿತ್ತು.

“ನಾಲ್ಕು ತಿಂಗಳು ಬಿಟ್ಟು ಬನ್ನಿ,” ಅಂದಳು. “ಅಷ್ಟರಲ್ಲಿ ನಾನು ಓಡಿಸೋ ಹಾಗಾದ್ರೆ ಇದು ಇಲ್ಲೇ ಇರುತ್ತೆ. ಆಗಲಿಲ್ಲ ಅಂದ್ರೆ ತಗೊಂಡ್ಹೋಗಿ. ಓಡಿಸೋಕಾಗದ ಗಾಡೀನ ಹೆಣ ಕಾದ ಹಾಗೆ ಕಾಯೋಕೆ ನನ್ನಿಂದ ಆಗಲ್ಲ.”

ಅವನು ಹೋದ ಮೇಲೆ ನನ್ನ ಕಡೆ ತಿರುಗಿದಳು. “ಕೆಲಸ ಬೇಕಾಗಿತ್ತಲ್ಲ ನಿಮಗೆ?”

ಹೀಗೆ ಶುರುವಾಯಿತು. ಶೆಡ್ಡಿನಲ್ಲಿದ್ದ ಹಳೆಯ ಡಬ್ಬ, ಬಕೆಟ್ಟು, ಮುರಿದ ಕುರ್ಚಿಗಳನ್ನೆಲ್ಲ ಹೊರಗೆ ಹಾಕಿ, ಬೆಂಚಿಗೆ ಕಬ್ಬಿಣ ಕಚ್ಚಿ ಹಿಡಿಯುವ ವೈಸು ಕೂರಿಸಿದೆ. ಹಳೆಯ ಪುಸ್ತಕದಂಗಡಿಯಲ್ಲಿ ಆ ಗಾಡಿಯ ರಿಪೇರಿ ಪುಸ್ತಕ ಸಿಕ್ಕಿತು. ಪ್ರತಿ ಭಾಗದ ಚಿತ್ರ, ಪ್ರತಿ ಭಾಗದ ಅಳತೆ. ಅದನ್ನು ಓದಿದ ದಿನ ನನಗೆ ಮತ್ತೆ ಸಂಬಳ ಬಂದಷ್ಟು ಖುಷಿಯಾಯಿತು. ಕಾರ್ಖಾನೆಯಲ್ಲಿದ್ದಂಥದೇ ಒಂದು ದಪ್ಪ ರಿಜಿಸ್ಟರು ತಂದು ಗೀಟು ಹಾಕಿದೆ: ಭಾಗ, ಬೇಕಾದ ಅಳತೆ, ಇರುವ ಅಳತೆ, ತೀರ್ಪು, ಷರಾ, ಸಹಿ.

ಇಡೀ ಗಾಡಿಯನ್ನು ಬಿಚ್ಚಿದೆ. ಬೋಲ್ಟುಗಳು ಬಿಸ್ಕತ್ತಿನ ಡಬ್ಬಗಳಿಗೆ ಹೋದವು, ಡಬ್ಬಗಳ ಮೇಲೆ ಚೀಟಿ ಅಂಟಿಸಿದೆ. ಅವಳು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಬಲಗೈಯಲ್ಲಿ ಬ್ರಷ್ಷು ಹಿಡಿದು, ಸೀಮೆಎಣ್ಣೆಯ ತಟ್ಟೆಯಲ್ಲಿ ಒಂದೊಂದೇ ಭಾಗ ತೊಳೆದು ಕೊಡುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾವು ಅಷ್ಟು ಹೊತ್ತು ಒಂದೇ ಕೋಣೆಯಲ್ಲಿ ಕೂತಿದ್ದು ಅದೇ ಮೊದಲು. ಅವಳಿಗೆ ಗಾಡಿಯ ಒಂದೊಂದು ಗಾಯದ ಕತೆಯೂ ಗೊತ್ತಿತ್ತು. ಸೈಲೆನ್ಸರಿನ ತಗ್ಗು ಒಂದು ಹಸುವಿನದು. ಹಿಂದಿನ ಮಡ್‌ಗಾರ್ಡಿನ ಸೀಳು ನಾನು ಅದನ್ನು ಕಲಿಯಲು ಹೋದ ದಿನದ್ದು. ಆ ಕತೆಯನ್ನು ಅವಳು ಎರಡು ಸಲ ಹೇಳಿದಳು.

ಟ್ಯಾಂಕಿನ ಪಕ್ಕ ಯಾರೋ ಬೆಸುಗೆ ಹಾಕಿದ ಒಂದು ಕೊಕ್ಕೆ ಇತ್ತು. ಪುಸ್ತಕದಲ್ಲಿರಲಿಲ್ಲ. ಗರಗಸ ಎತ್ತಿದೆ.

“ಮುಟ್ಟಬೇಡಿ. ನನ್ನ ಚೀಲದ ಕೊಕ್ಕೆ ಅದು.”

“ಚಿತ್ರದಲ್ಲಿಲ್ಲ.”

“ಚಿತ್ರ ಬರೆದವನು ಮೀಟರ್ ಓದೋಕೆ ಹೋಗ್ತಿದ್ನಾ?”

ಕೊಕ್ಕೆ ಉಳಿಯಿತು. ಎಷ್ಟು ದೂರ ಓಡಿದೆ ಎಂದು ತೋರಿಸುವ ಮೀಟರಿನ ವಿಷಯದಲ್ಲೂ ಹೀಗೇ ಆಯಿತು. ಎಂಜಿನ್ನು ಹೊಸದಾಗುವಾಗ ಅಂಕಿಯನ್ನೂ ಸೊನ್ನೆಗೆ ತರೋಣ ಎಂದೆ. ಅವಳು ನನ್ನನ್ನು ಕಳ್ಳನನ್ನು ನೋಡುವ ಹಾಗೆ ನೋಡಿದಳು. “ಮೀಟರ್ ಹಿಂದಕ್ಕೆ ತಿರುಗಿಸೋ ಎಷ್ಟೋ ಜನರನ್ನ ಹಿಡಿದುಕೊಟ್ಟಿದೀನಿ ನಾನು. ಮನೇಲೇ ಒಬ್ಬ ಇದ್ದಾನೆ ಅಂತ ಗೊತ್ತಿರಲಿಲ್ಲ.” ಅಂಕಿಯೂ ಉಳಿಯಿತು. ಈ ಎರಡನ್ನೂ ರಿಜಿಸ್ಟರಿನ ಷರಾದಲ್ಲಿ ‘ಮಾಲೀಕರ ಹಟ’ ಎಂದು ಬರೆದುಕೊಂಡೆ.

ಸಿಲಿಂಡರು ಕೊರೆದು ಕೊಟ್ಟವನು ನನ್ನ ಭಾವಮೈದ, ಅವಳ ತಮ್ಮ. ಲೇತಿನಲ್ಲಿ ಕಬ್ಬಿಣ ಕಡೆದು ಆಕಾರ ಕೊಡುವ ಟರ್ನರ್ ಕೆಲಸದವನು. ಎರಡು ಬೀದಿಯಾಚೆ ಅವನದೇ ಲೇತಿನ ಶೆಡ್ಡಿದೆ. ಮೊದಲು ನಮ್ಮ ಕಾರ್ಖಾನೆಯಲ್ಲೇ ಇದ್ದ. ನನ್ನ ಕಾಟ ತಾಳಲಾರದೆ ಬಿಟ್ಟು ಹೋದೆ ಎಂದು ಮದುವೆ ಮುಂಜಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾನೆ. ಕೆಲಸ ಮಾತ್ರ ಚೊಕ್ಕ. ಅವನ ಸಿಲಿಂಡರನ್ನು ಮೂರು ಕಡೆ ಅಳೆದೆ, ಏನೂ ತಪ್ಪು ಸಿಗದೆ ಪಾಸು ಮಾಡಿದೆ.

ಮೂರು ತಿಂಗಳು ತುಂಬುವ ಹೊತ್ತಿಗೆ ಗಾಡಿ ಎದ್ದು ನಿಂತಿತು. ಕಪ್ಪು ಬಣ್ಣ, ಹೊಸ ಕಡ್ಡಿಗಳು, ಹೊಸ ಚೈನು. ಎರಡನೇ ಒದೆತಕ್ಕೆ ಎಂಜಿನ್ನು ಶುರುವಾದಾಗ ಅವಳು ಸ್ಟೂಲಿನಿಂದ ಎದ್ದು ಬಂದು, ಹೊಗೆಯಲ್ಲೇ ನಿಂತು ಕೇಳಿದಳು. ಅವಳ ಕಣ್ಣು ಒದ್ದೆಯಾಗಿದ್ದುದು ಹೊಗೆಗಲ್ಲ ಎಂದು ನನಗೂ ಗೊತ್ತಿತ್ತು.

ಉಳಿದದ್ದು ಕ್ಲಚ್ಚು. ಎಂಜಿನ್ನಿಗೂ ಹಿಂದಿನ ಚಕ್ರಕ್ಕೂ ಇರುವ ಸಂಬಂಧವನ್ನು ಬೇಕಾದಾಗ ಬಿಡಿಸುವುದು ಅದರ ಕೆಲಸ. ನಿಲ್ಲುವಾಗ, ಹೊರಡುವಾಗ, ಗೇರು ಬದಲಿಸುವಾಗಲೆಲ್ಲ ಎಡಗೈಯ ಬೆರಳುಗಳಿಂದ ಲಿವರನ್ನು ಪೂರ್ತಿ ಎಳೆದು ಹಿಡಿಯಬೇಕು. ಹೊಸ ಕೇಬಲ್ ಹಾಕಿದ್ದೆ, ಎಣ್ಣೆ ಬಿಟ್ಟಿದ್ದೆ. ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಲಿವರಿಗೆ ಹಾಕಿ ಎಳೆದು ನೋಡಿದರೆ ಎಂಟು ಕೆಜಿ ತೋರಿಸಿತು. ಪುಸ್ತಕದಲ್ಲೂ ಎಂಟೇ.

“ಈಗ ನಿನ್ನ ಕೈ ನೋಡೋಣ ಬಾ,” ಎಂದೆ.

ತಕ್ಕಡಿಯ ಒಂದು ತುದಿಯನ್ನು ವೈಸಿಗೆ ಕಚ್ಚಿಸಿ, ಇನ್ನೊಂದು ತುದಿಗೆ ಹಿಡಿಕೆ ಕಟ್ಟಿ ಕೊಟ್ಟೆ. ಅವಳು ಬೆರಳು ಮಡಿಸಿ ಎಳೆದಳು. ಹಲ್ಲು ಕಚ್ಚಿ ಎಳೆದಳು, ಕತ್ತಿನ ನರ ಉಬ್ಬಿತು. ಮುಳ್ಳು ನಾಲ್ಕರ ಹತ್ತಿರ ಹೋಗಿ ನಿಂತಿತು. ಮೂರು ಸಲ ಎಳೆಸಿದೆ, ಯಾಕೆಂದರೆ ಯಾವುದನ್ನೇ ಆದರೂ ಮೂರು ಸಲ ಅಳೆಯಬೇಕು. ಮೂರು ಸಲವೂ ನಾಲ್ಕೇ. ಅವಳು ಮಣಿಕಟ್ಟು ತಿಕ್ಕಿಕೊಳ್ಳುತ್ತಾ, ಟೀ ಮಾಡಿ ತರುತ್ತೇನೆಂದು ಒಳಗೆ ಹೋದಳು. ನಾನು ರಿಜಿಸ್ಟರು ತೆಗೆದೆ. ಕೈ ತಾನಾಗಿಯೇ ಬರೆಯಿತು. ಮೂವತ್ತೊಂದು ವರ್ಷ ಬರೆದ ಕೈ ಅದು.

ಅವಳು ಟೀ ತಂದವಳು ಬಾಗಿಲಲ್ಲೇ ನಿಂತಳು. ರಿಜಿಸ್ಟರು ಬೆಂಚಿನ ಆ ತುದಿಯಲ್ಲಿತ್ತು.

“ಕೊನೇ ಸಾಲಲ್ಲಿ ಏನ್ರೀ ಅದು?”

“ಯಾವ್ದು?”

“ಎಡಗೈ. ಬೇಕಾದ್ದು ಎಂಟು. ಇರೋದು ನಾಲ್ಕು. ತೀರ್ಪು ರಿಜೆಕ್ಟ್.” ಮೀಟರ್ ಓದುವ ದನಿಯಲ್ಲೇ ಓದಿದಳು. “ಕೆಂಪು ಪೆನ್ಸಿಲಲ್ಲಿ.”

ನಾನು ಆ ಸಾಲಿನ ಮೇಲೆ ಕೈ ಅಡ್ಡ ಇಟ್ಟೆ.

“ಅಳಿಸಿ ಅದನ್ನ,” ಅಂದಳು.

ಆಗಲೂ ನಾನು ಪಾರಾಗಬಹುದಿತ್ತು. ಬೆಂಚಿನ ಮೇಲೆ ರಬ್ಬರೂ ಇತ್ತು. ಆದರೆ ತಪಾಸಣೆ ವಿಭಾಗದಲ್ಲಿ ಮೊದಲ ದಿನ ಕಲಿಸುವ ಪಾಠ ಒಂದಿದೆ. ಬರೆದದ್ದನ್ನು ಅಳಿಸಬಾರದು. ತಪ್ಪಿದ್ದರೆ, ಕೆಳಗಿನ ಅಕ್ಷರ ಕಾಣುವ ಹಾಗೆ ಒಂದೇ ಗೀಟು ಎಳೆದು, ಷರಾದಲ್ಲಿ ಕಾರಣ ಬರೆದು, ಇಬ್ಬರು ಸಹಿ ಹಾಕಬೇಕು. ಒಬ್ಬ ಬರೆದವನು, ಇನ್ನೊಬ್ಬರು ಸಂಬಂಧಪಟ್ಟವರು. ಈ ಪಾಠ ನನ್ನ ನಾಲಿಗೆಯ ತುದಿಯಲ್ಲೇ ಕೂತಿತ್ತು.

“ರಿಜಿಸ್ಟರಲ್ಲಿ ಅಳಿಸೋ ಹಾಗಿಲ್ಲ,” ಎಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಎರಡೂ ಲೋಟಗಳನ್ನು ಬೆಂಚಿನ ಮೇಲಿಟ್ಟು ಒಳಗೆ ಹೋದಳು. ಕಿಟಕಿಯಿಂದ ಅವಳು ಫೋನಿನಲ್ಲಿ ಮಾತಾಡುವುದು ಕೇಳಿಸಿತು. “ನಾಲ್ಕು ತಿಂಗಳು ಕಾಯೋದೇನೂ ಬೇಡ. ಬರೋ ಭಾನುವಾರ ಅಲ್ಲ, ಅದರ ಮುಂದಿನ ಭಾನುವಾರ ವ್ಯಾನ್ ತಗೊಂಡು ಬಂದ್ಬಿಡಿ.”

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಮಾಡಿದವನಿಗೆ ಮದುವೆಯಾಗಿರಲಿಲ್ಲ ಅಂತ ಕಾಣುತ್ತದೆ. ನಾವು ಉಂಡೆವು, ಮಲಗಿದೆವು, ಎದ್ದೆವು. ಜಗಳ ಇದ್ದಲ್ಲೇ ಇತ್ತು. ಅವಳೇನೂ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಸಮ ಮಾಡಿಕೊಳ್ಳಬಹುದಿತ್ತು. ಶೆಡ್ಡಿನ ಕಡೆ ಬರುವುದನ್ನು ಬಿಟ್ಟಳು, ಅಷ್ಟೇ. ಸ್ಟೂಲು ಖಾಲಿ ಇತ್ತು, ಸೀಮೆಎಣ್ಣೆಯ ತಟ್ಟೆಯಲ್ಲಿ ಬ್ರಷ್ಷು ಒಣಗಿತು.

ನಾನು ಮೊದಲೆರಡು ದಿನ ನನ್ನದೇನು ತಪ್ಪು ಎಂದು ವಾದ ಹೂಡಿಕೊಂಡು ತಿರುಗಿದೆ. ನಾಲ್ಕು ಅಂದರೆ ನಾಲ್ಕೇ ತಾನೇ? ಸುಳ್ಳು ಬರೆಯಬೇಕಿತ್ತೇ? ಮೂರನೆಯ ದಿನ ಭಾವಮೈದನ ಶೆಡ್ಡಿಗೆ ಹೋದೆ. ಕ್ಲಚ್ಚಿನ ಕೆಳಗೆ ಕೇಬಲ್ ಎಳೆಯುವ ಕಬ್ಬಿಣದ ತೋಳನ್ನು ಸ್ವಲ್ಪ ಉದ್ದ ಮಾಡಿದರೆ ಎಂಟು ಆರಕ್ಕೆ ಇಳಿಯಬಹುದು ಎಂಬ ಲೆಕ್ಕ ನನ್ನದು. ಪುಸ್ತಕಕ್ಕೆ ಅಷ್ಟು ಅಪಚಾರ ಮಾಡಲು ತಯಾರಾಗಿದ್ದೆ.

ಅವನು ಲೇತು ನಿಲ್ಲಿಸಿ ಕೈ ಒರೆಸಿಕೊಂಡ. “ಆರಕ್ಕಿಳಿದರೂ ಅಕ್ಕನದು ನಾಲ್ಕೇ ಅಲ್ವಾ ಭಾವ? ಇನ್ನೂ ಉದ್ದ ಮಾಡಿದ್ರೆ ಕ್ಲಚ್ ಪೂರ್ತಿ ಬಿಡಲ್ಲ, ಗೇರು ಕಿರುಚುತ್ತೆ.”

“ನಿಂಗ್ಯಾರು ಹೇಳಿದ್ದು ನಾಲ್ಕು ಅಂತ?”

“ಅಕ್ಕ ಫೋನ್ ಮಾಡಿದ್ಲು. ಪೂರ್ತಿ ಸಾಲು ಓದಿ ಹೇಳಿದ್ಲು.” ಅವನು ನಗಲಿಲ್ಲ. “ಭಾವ, ಆ ಇನ್ನೂರು ಪಿನ್ನು ನೆನಪಿದೆಯಾ?”

ನೆನಪಿಲ್ಲದೆ ಏನು. ಒಂದು ಸಲ ಎರಕದ ಮನೆಯಿಂದ ಬಂದ ಇನ್ನೂರು ಪಂಪುಗಳಲ್ಲಿ ಪಿನ್ನು ಕೂರುವ ತೂತು ಸ್ವಲ್ಪ ದೊಡ್ಡದಾಗಿತ್ತು. ಇವನು ಯಾರನ್ನೂ ಕೇಳದೆ, ಪ್ರತಿಯೊಂದು ತೂತಿಗೂ ಹೊಂದುವ ಹಾಗೆ ಇನ್ನೂರು ಪಿನ್ನುಗಳನ್ನು ಅಷ್ಟಷ್ಟು ದಪ್ಪ ಮಾಡಿ ತಿರುವಿದ್ದ. ಕೂರಿಸಿ ನೋಡಿದರೆ ಒಂದೂ ಅಲ್ಲಾಡುತ್ತಿರಲಿಲ್ಲ. ನಾನು ಇನ್ನೂರನ್ನೂ ತೊಟ್ಟಿಗೆ ಹಾಕಿದ್ದೆ. ನಕ್ಷೆಯಲ್ಲಿ ಅಂಥ ಪಿನ್ನು ಇರಲಿಲ್ಲ. ಅದರ ಮರುತಿಂಗಳೇ ಅವನು ಕೆಲಸ ಬಿಟ್ಟಿದ್ದ.

“ತೂತು ದೊಡ್ಡದಾಗಿತ್ತು. ಅದನ್ನ ಬೈದ್ರೆ ಚಿಕ್ಕದಾಗುತ್ತಾ? ಅದಕ್ಕೆ ಪಿನ್ ದಪ್ಪ ಮಾಡಿದೆ. ಅಕ್ಕನ ಕೈ ಈಗ ಇರೋದೇ ಹಾಗೆ, ಭಾವ. ನೀವು ಪಿನ್ ಏನು ಮಾಡ್ತೀರಿ, ಅದನ್ನ ಹೇಳಿ.”

ನನಗೆ ಸಿಟ್ಟು ಬಂತು. ನಿನ್ನಿಂದ ನಾನು ಕಲಿಯಬೇಕಾ ಎಂದು ಹೇಳಿ ಎದ್ದು ಬಂದೆ. ದಾರಿಯುದ್ದಕ್ಕೂ ಅವನ ಜೊತೆ ಮನಸ್ಸಿನಲ್ಲೇ ಜಗಳವಾಡಿದೆ, ಪ್ರತಿ ಸಲವೂ ಸೋತೆ. ಮನೆ ಮುಟ್ಟುವ ಹೊತ್ತಿಗೆ ಒಳಗಿನದು ಸಿಟ್ಟಲ್ಲ, ನಾಚಿಕೆ ಎಂದು ತಿಳಿಯಿತು. ಮೂವತ್ತು ವರ್ಷ ನನಗೆ ಅನ್ನ ಬಡಿಸಿದ ಕೈಯನ್ನು ತೊಟ್ಟಿಗೆ ಹಾಕಿ ಸಹಿ ಮಾಡಿದ್ದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅವಳು ನನಗೆ ಬೆನ್ನು ಹಾಕಿ ಬೆಳ್ಳುಳ್ಳಿ ಜಜ್ಜುತ್ತಿದ್ದಳು. ಬಲಗೈಯಲ್ಲಿ ಚಾಕುವಿನ ಅಲಗನ್ನು ಎಸಳಿನ ಮೇಲೆ ಅಡ್ಡ ಮಲಗಿಸಿ, ಎಡ ಅಂಗೈಯ ಬುಡವನ್ನು ಅದರ ಮೇಲಿಟ್ಟು ಒತ್ತಿದಳು. ಚಟ್. ಇನ್ನೊಂದು. ಚಟ್. ಬೆರಳುಗಳು ಸುಮ್ಮನೆ ಗಾಳಿಯಲ್ಲಿದ್ದವು. ಬಲವೆಲ್ಲ ಭುಜದಿಂದ ತೋಳಿಗೆ, ತೋಳಿನಿಂದ ಅಂಗೈಗೆ ಇಳಿಯುತ್ತಿತ್ತು. ಮೂರು ವರ್ಷದಿಂದ ಅವಳು ಹೀಗೇ ಡಬ್ಬದ ಮುಚ್ಚಳ ಒತ್ತುತ್ತಿದ್ದಳು, ಹೀಗೇ ತುಂಬಿದ ಪೆಟ್ಟಿಗೆ ಮುಚ್ಚುತ್ತಿದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನನಗೆ ಕನ್ನಡಿಯಲ್ಲ, ಕಣ್ಣೇ ಬೇಕಾಗಿತ್ತು.

ಅವಳನ್ನು ಮತ್ತೆ ಅಳೆಯುತ್ತೇನೆ ಎನ್ನುವ ಧೈರ್ಯ ನನಗಿರಲಿಲ್ಲ. ಅವಳು ಅಂಗಡಿಗೆ ಹೋದಾಗ, ನಾವು ತೂಕ ನೋಡಿಕೊಳ್ಳುವ ಮೆಷಿನ್ನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಹಲಗೆಯಿಟ್ಟು, ಅವಳ ಹಾಗೆಯೇ ಬೆಳ್ಳುಳ್ಳಿ ಜಜ್ಜಿದೆ. ಒಂದು ಎಸಳು ಒಡೆಯಲು ಹದಿನಾಲ್ಕು ಕೆಜಿ. ನನಗೆ ಕುಣಿಯುವ ಹಾಗಾಯಿತು. ಹದಿನಾಲ್ಕು ಕೊಡುವ ಅಂಗೈಗೆ ಎಂಟು ಯಾವ ಲೆಕ್ಕ!

ಆ ಸಂಜೆ ಅವಳು ನಾಲ್ಕು ದಿನಗಳಲ್ಲಿ ಮೊದಲ ಸಲ ನನ್ನ ಜೊತೆ ತಾನಾಗಿ ಮಾತಾಡಿದಳು.

“ತೂಕದ ಮೆಷಿನ್ನಿಗೆ ಯಾಕೆ ಬೆಳ್ಳುಳ್ಳಿ ವಾಸನೆ?”

“ನಂಗೇನು ಗೊತ್ತು?” ಎಂದೆ.

ಮರುದಿನ ಮತ್ತೆ ಭಾವಮೈದನ ಮುಂದೆ ನಿಂತೆ. ಅವನು ಏನೂ ಕೆಣಕದೆ ಕಾಗದ ಪೆನ್ಸಿಲು ಕೊಟ್ಟ. ನಾನು ನನ್ನ ಜೀವನದಲ್ಲೇ ಮೊದಲ ಸಲ, ಯಾವ ಪುಸ್ತಕದಲ್ಲೂ ಇಲ್ಲದ ಒಂದು ಭಾಗದ ಚಿತ್ರ ಬರೆದೆ. ಹ್ಯಾಂಡಲಿನ ಹಿಡಿಯ ಹಿಂದೆ, ಕೂತವಳ ಕಡೆಗೆ, ಅಂಗೈಯಗಲದ ಒಂದು ಕಬ್ಬಿಣದ ಪಟ್ಟಿ. ಅಂಗೈಯಿಂದ ಅದನ್ನು ಮುಂದಕ್ಕೆ ತಳ್ಳಿದರೆ ಇನ್ನೊಂದು ತುದಿ ಕೇಬಲ್ಲನ್ನು ಎಳೆಯಬೇಕು. ಎರಡು ದಿನ ಕೊಯ್ದೆವು, ಬಗ್ಗಿಸಿದೆವು, ತಿರುವಿದೆವು. ಶುಕ್ರವಾರ ಮಧ್ಯಾಹ್ನ ಗಾಡಿಗೆ ಕೂರಿಸಿದೆ. ನಾನೇ ಕೂತು ತಳ್ಳಿ ನೋಡಿದೆ. ಬೆಣ್ಣೆಯ ಹಾಗೆ ಹೋಯಿತು.

ಆಮೇಲೆ ರಿಜಿಸ್ಟರು ತೆಗೆದೆ. ಎಡಗೈಯ ಸಾಲಿನ ಮೇಲೆ ಅಡಿಪಟ್ಟಿ ಇಟ್ಟು ಒಂದೇ ಗೀಟು ಎಳೆದೆ. ಷರಾದಲ್ಲಿ ಬರೆದೆ: ‘ತಪ್ಪು ತೀರ್ಪು. ಕೈ ಗಾಡಿಯ ಭಾಗವಲ್ಲ. ತಪ್ಪು ತಪಾಸಣೆ ಮಾಡಿದವನದು.’ ಮೂವತ್ತೊಂದು ವರ್ಷದಲ್ಲಿ ತಪ್ಪು ತಮ್ಮದೇ ಎಂದು ಬೇರೆ ಬೇರೆಯವರಿಂದ ಬರೆಸಿದ್ದೆ, ನಾನು ಬರೆದಿರಲಿಲ್ಲ. ಸಹಿ ಹಾಕಿದೆ. ಅದರ ಪಕ್ಕದ ಜಾಗ ಖಾಲಿ ಬಿಟ್ಟೆ.

ಅಡುಗೆಮನೆಗೆ ಹೋಗಿ ಅವಳ ಮುಂದೆ ಕೆಂಪು ಪೆನ್ಸಿಲು ಇಟ್ಟೆ.

“ಬಂದು ಇನ್‌ಸ್ಪೆಕ್ಷನ್ ಮಾಡು,” ಎಂದೆ. “ಏನಿದ್ರೂ ಹೇಳು. ನಾನು ವಾದ ಮಾಡಲ್ಲ.”

ಅವಳು ಪೆನ್ಸಿಲನ್ನು ನೋಡಿದಳು, ನನ್ನನ್ನು ನೋಡಿದಳು, ಎದ್ದು ಬಂದಳು. ಶೆಡ್ಡಿನ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ರಿಜಿಸ್ಟರು ಬೆಂಚಿನ ಆ ತುದಿಯಲ್ಲಿ ತೆರೆದೇ ಇತ್ತು. ಓದಿದಳು ಎಂದು ಗೊತ್ತಾಯಿತು.

“ಎರಡನೇ ಸಹಿ ಯಾರದು?”

“ಸಂಬಂಧಪಟ್ಟವರದು.”

“ನೋಡೋಣ,” ಅಂದಳು. ಅಷ್ಟೇ.

ಸ್ಟ್ಯಾಂಡಿನ ಮೇಲಿದ್ದ ಗಾಡಿ ಹತ್ತಿ ಕೂತು, ಎಡ ಅಂಗೈಯನ್ನು ಪಟ್ಟಿಯ ಮೇಲಿಟ್ಟು ತಳ್ಳಿದಳು. ಪಟ್ಟಿ ಹೋಗಲಿಲ್ಲ. ಅದರ ಬದಲು ಇಡೀ ಹ್ಯಾಂಡಲೇ ಬಲಕ್ಕೆ ತಿರುಗಿ, ಮುಂದಿನ ಚಕ್ರ ಬೆಂಚಿನ ಕಾಲಿಗೆ ಬಡಿಯಿತು. ಇನ್ನೊಮ್ಮೆ ತಳ್ಳಿದಳು. ಮತ್ತೆ ತಿರುಗಿತು. ನಾನು ಮಾಡಿದಾಗ ನನ್ನ ಬೆರಳುಗಳು ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದವು. ಅವಳ ಬೆರಳಿಗೆ ಆ ಹಿಡಿತವೇ ಇಲ್ಲವಲ್ಲ. ಮತ್ತೆ ನನ್ನ ಕೈಯನ್ನೇ ಅಳತೆಗೆ ಇಟ್ಟುಕೊಂಡಿದ್ದೆ.

“ರಸ್ತೇಲಿ ಹೀಗಾದ್ರೆ ನೆಟ್ಟಗೆ ಮೋರಿಗೇ,” ಅಂದಳು. ಪೆನ್ಸಿಲು ತೆಗೆದು, ನನ್ನ ಎರಡು ದಿನದ ಕೆಲಸದ ಮೇಲೆ ಉದ್ದಕ್ಕೆ ಒಂದು ಕೆಂಪು ಗೀಟು ಹಾಕಿದಳು. “ರಿಜೆಕ್ಟ್.”

ಬೇರೆಯವರು ಇಷ್ಟು ವರ್ಷ ನನ್ನ ಮುಂದೆ ನಿಂತು ಏನು ನುಂಗಿಕೊಂಡಿರಬೇಕು ಎಂದು ಆಗ ತಿಳಿಯಿತು. ವಾದ ಮಾಡಲ್ಲ ಎಂದಿದ್ದೆ, ಮಾಡಲಿಲ್ಲ. ಹೋಗಿ ಅವಳ ಸ್ಟೂಲಿನ ಮೇಲೆ ಕೂತೆ. ಭಾನುವಾರಕ್ಕೆ ಇನ್ನೊಂದೇ ದಿನ ಇತ್ತು.

ಅವಳು ಗಾಡಿಯಿಂದ ಇಳಿಯಲಿಲ್ಲ. ಹ್ಯಾಂಡಲಿನ ಮೇಲೆ ಅಂಗೈ ಇಟ್ಟು ಹಾಗೆ ಹೀಗೆ ಒತ್ತಿ ನೋಡುತ್ತಿದ್ದಳು.

“ಬೆಳ್ಳುಳ್ಳೀನ ಯಾರಾದ್ರೂ ಮುಂದಕ್ಕೆ ಜಜ್ಜುತ್ತಾರಾ?” ಅಂದಳು. “ಕೆಳಕ್ಕೆ ಒತ್ತೋ ಹಾಗೆ ಮಾಡಿ. ಕೆಳಕ್ಕೆ ಒತ್ತಿದ್ರೆ ಹ್ಯಾಂಡಲ್ ಯಾಕೆ ತಿರುಗುತ್ತೆ?”

“ಬೆಳ್ಳುಳ್ಳಿ ವಿಷಯ ನಿಂಗೆ ಹೇಗೆ ಗೊತ್ತು?”

“ಒಂದು ಇಡೀ ಗಡ್ಡೆ ಜಜ್ಜಿ ಕಟ್ಟೆ ಮೇಲೆ ಬಿಟ್ಟಿದ್ರಿ.”

ಶನಿವಾರ ಭಾವಮೈದ ತನ್ನ ಸಲಕರಣೆ ಹೊತ್ತುಕೊಂಡು ನಮ್ಮ ಶೆಡ್ಡಿಗೇ ಬಂದ. ಪಟ್ಟಿಯನ್ನು ಅಡ್ಡಕ್ಕೆ ತಿರುಗಿಸಿ, ಕೀಲನ್ನು ಹಿಡಿಯ ಒಳತುದಿಗೆ ತಂದೆವು. ಅವಳ ಅಂಗೈ ಒಳಮುಖವಾಗಿ ಸ್ವಲ್ಪ ವಾಲುತ್ತದೆ, ಮೂಳೆ ಹಾಗೆ ಕೂಡಿದೆ. ಅದಕ್ಕೆ ಸರಿಯಾಗಿ ಪಟ್ಟಿಯನ್ನೂ ವಾಲಿಸಬೇಕಾಯಿತು. ಅವಳು ಕೂತು ಕೈ ಇಡುವುದು, ಇನ್ನೂ ಸ್ವಲ್ಪ ಎನ್ನುವುದು, ನಾವು ಬಿಚ್ಚಿ ಬಗ್ಗಿಸುವುದು. ಹೀಗೆ ಏಳು ಸಲ ಆಯಿತು. ನಾನು ಅಳೆಯುವ ವರ್ನಿಯರ್ ಮಾತ್ರ ಪೆಟ್ಟಿಗೆಯಲ್ಲೇ ಇತ್ತು. ಏಳನೆಯ ಸಲ ಅವಳು ಒತ್ತಿದಾಗ ಹ್ಯಾಂಡಲು ಅಲ್ಲಾಡಲಿಲ್ಲ, ಕ್ಲಚ್ಚು ಪೂರ್ತಿ ಬಿಟ್ಟಿತು. ಪಾದದಿಂದ ಗೇರು ಹಾಕಿದಳು, ಟಕ್ ಎಂದು ಬಿತ್ತು.

“ಪಾಸಾ ಅಕ್ಕ?” ಎಂದ ಭಾವಮೈದ.

“ನಾಳೆ ರಸ್ತೆ ಮೇಲೆ ಹೇಳ್ತೀನಿ.”

ಭಾನುವಾರ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ನೋಡಲು ಭಾವಮೈದನೂ ಬಂದಿದ್ದ. ಅವಳು ಹಳೆಯ ಹೆಲ್ಮೆಟ್ಟು ಒರೆಸಿ ಹಾಕಿಕೊಂಡಳು, ಕೊಕ್ಕೆಗೆ ಖಾಲಿ ಚೀಲ ತಗುಲಿಸಿದಳು. ಚೀಲ ಯಾಕೆ ಎಂದು ನಾನು ಕೇಳಲಿಲ್ಲ. ಮೂರನೇ ಒದೆತಕ್ಕೆ ಎಂಜಿನ್ನು ಹಿಡಿಯಿತು. ಅಂಗೈ ಒತ್ತಿದಳು, ಗೇರು ಹಾಕಿದಳು, ಅಂಗೈ ಮೆಲ್ಲಗೆ ಸಡಿಲಿಸಿದಳು. ಗಾಡಿ ಒಮ್ಮೆ ಮುಗ್ಗರಿಸಿ, ಆಮೇಲೆ ಸರಾಗವಾಗಿ ಗೇಟು ದಾಟಿತು. ಬೀದಿಯ ತಿರುವಿನಲ್ಲಿ ಬ್ರೇಕಿನ ದೀಪ ಒಮ್ಮೆ ಹತ್ತಿ ಆರಿತು. ಬೀದಿಯ ಕೊನೆಯವರೆಗೆ ಹೋಗಿ ತಿರುಗಿ ಬರುವುದು ಎಂದು ಮಾತಾಗಿತ್ತು.

ಹತ್ತು ನಿಮಿಷವಾಯಿತು, ಬರಲಿಲ್ಲ. ಅಷ್ಟರಲ್ಲಿ ಹೋಟೆಲಿನವನು ಬಂದ, ವ್ಯಾನು, ಹಲಗೆ, ಹಗ್ಗ ಎಲ್ಲ ತಂದಿದ್ದ. ಗಾಡಿ ಎಲ್ಲಿ ಎಂದ. “ಓಡಾಡ್ತಿದೆ,” ಎಂದೆ. ಅರ್ಧ ಗಂಟೆಯಾಯಿತು. ಭಾವಮೈದ ಅದೂ ಇದೂ ತಮಾಷೆ ಮಾಡುತ್ತಿದ್ದವನು ಗೇಟಿನಾಚೆ ಹೋಗಿ ನಿಂತ. ನನಗೆ ಭಯವಾಯಿತು. ಕೀಲಿಗೆ ಹಾಕಿದ ನಟ್ಟು ಬಿಗಿ ಮಾಡಿದ್ದೆನೇ? ಮಾಡಿದ್ದೆ. ಎರಡು ಸಲ ನೋಡಿದ್ದೆ, ಮೂರು ಸಲ ನೋಡಬೇಕಿತ್ತು. ಗಾಡಿ ಹೋಟೆಲಿನ ಬಾಗಿಲಲ್ಲಿ ಹೂಕುಂಡ ಹೊತ್ತುಕೊಂಡೇ ನಿಲ್ಲಲಿ, ಅವಳೊಬ್ಬಳು ಕ್ಷೇಮವಾಗಿ ಬಂದರೆ ಸಾಕು ಎಂದುಕೊಂಡೆ.

ಮೊದಲು ಸದ್ದು ಕೇಳಿಸಿತು. ನಾನೇ ಜೋಡಿಸಿದ ಎಂಜಿನ್ನು, ಸಾವಿರ ಗಾಡಿಗಳಲ್ಲೂ ಗುರುತು ಹಿಡಿಯುತ್ತೇನೆ. ತಿರುವಿನಲ್ಲಿ ಗೇರು ಇಳಿಸಿದಳು, ಕಿರುಚಲಿಲ್ಲ. ಗೇಟಿನ ಮುಂದೆ ತಂದು ನಿಲ್ಲಿಸಿ, ಬಗ್ಗಿ ಮೀಟರಿನ ಅಂಕಿ ಓದಿದಳು.

“ಹತ್ತೊಂಬತ್ತು ಕಿಲೋಮೀಟರು. ಮೀಟರ್ ಓದೋಕೆ ಹೋಗ್ತಿದ್ದ ಹಳೇ ಲೈನು ಪೂರ್ತಿ ಸುತ್ತಿ ಬಂದೆ.” ಹೆಲ್ಮೆಟ್ಟು ತೆಗೆದಳು, ಮುಖವೆಲ್ಲ ಬೆವತಿತ್ತು. ಚೀಲದಲ್ಲಿ ಬ್ರೆಡ್ಡು, ಟೊಮೇಟೊ ಇದ್ದವು. ಹೋಟೆಲಿನವನ ಕಡೆ ತಿರುಗಿ, “ನಾನು ಮೊದಲೇ ಹೇಳಿದ್ದೆನಲ್ಲ. ಓಡಿಸೋ ಹಾಗಾದ್ರೆ ಇಲ್ಲೇ ಇರುತ್ತೆ ಅಂತ,” ಅಂದಳು.

ಅವನು ಒಳ್ಳೆಯ ಮನುಷ್ಯ. ಪೆಚ್ಚಾದರೂ ಗಾಡಿಯನ್ನು ಸುತ್ತಿ ಸುತ್ತಿ ನೋಡಿದ. “ಎಲ್ಲಾ ಹೊಸದರ ಹಾಗಿದೆ ಸಾರ್. ಅದೊಂದು ಲಿವರ್ ಮಾತ್ರ ಸೊಟ್ಟ ಕೂತಿದೆ, ಅಲ್ವಾ?”

“ಅದು ಅಳತೆಗೆ ಸರಿಯಾಗೇ ಇದೆ,” ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆ ಅಂತ ಕಾಣುತ್ತದೆ. ಭಾವಮೈದ ಆ ಕಡೆ ತಿರುಗಿ ಕೆಮ್ಮಿದ.

ಹೋಟೆಲಿನವನ ವ್ಯಾನು ಹೋದ ಮೇಲೆ ಅವಳು ನೆಟ್ಟಗೆ ಶೆಡ್ಡಿಗೆ ಹೋದಳು. ನಾನು ಹಿಂದೆಯೇ ಹೋದೆ. ರಿಜಿಸ್ಟರು ತೆರೆದು ಆ ಪುಟ ಹುಡುಕಿ, ಪೆನ್ನು ಕೊಡಿ ಎಂದಳು. ಕೊಟ್ಟೆ. ಅವಳು ಅದನ್ನು ಬಲಗೈಯಿಂದ ಎಡಗೈಗೆ ದಾಟಿಸಿಕೊಂಡಳು. ಎಡಗೈಯಲ್ಲಿ ಎಂದೂ ಬರೆದವಳಲ್ಲ. ಬೆರಳುಗಳ ನಡುವೆ ಪೆನ್ನು ಎರಡು ಸಲ ಜಾರಿತು. ಮೂರನೆಯ ಸಲ ನಿಂತಿತು. ಪುಟವನ್ನು ಬಲಗೈಯಲ್ಲಿ ಅದುಮಿ ಹಿಡಿದು, ಉಸಿರು ಬಿಗಿಹಿಡಿದು, ಒಂದೊಂದೇ ಅಕ್ಷರ ಕೂರಿಸಿದಳು. ಅಕ್ಷರಗಳು ಅಡ್ಡಾದಿಡ್ಡಿ ಹತ್ತಿಕೊಂಡು ಖಾನೆ ದಾಟಿ, ಮೇಲಿನ ಸಾಲಿನ ಕಾರ್ಬುರೇಟರಿನವರೆಗೂ ಹೋದವು.

ಕಾರ್ಖಾನೆಯಲ್ಲಾಗಿದ್ದರೆ ಇನ್ನೊಮ್ಮೆ ಬರೆಸುತ್ತಿದ್ದೆ. ಶಾಯಿ ಒಣಗಲೆಂದು ಪುಟದ ಮೇಲೆ ಊದಿ, ರಿಜಿಸ್ಟರು ಮುಚ್ಚಿ ಕಪಾಟಿನಲ್ಲಿಟ್ಟೆ.